ಪುಟ್ಟ ಕೇಸಿಗೆ ದೊಡ್ಡ ರೇಡಿಯೇಟರ್: ಅಳತೆ, ಕೊಯ್ತ, ಗಾಳಿಯ ದಾರಿ

ಮಿನಿ-ಐಟಿಎಕ್ಸ್ ಎಂಬ ಪುಟ್ಟ ಮದರ್‌ಬೋರ್ಡಿಗೆಂದು ಮಾಡಿದ ಕಂಪ್ಯೂಟರ್ ಕೇಸುಗಳಲ್ಲಿ ಎಷ್ಟೋ ಮಾದರಿಗಳು ಹಿಂಬದಿಯಲ್ಲಿ ಒಂದು 120 ಮಿ.ಮೀ. ಫ್ಯಾನಿಗೆ ಜಾಗ ಕೊಟ್ಟು ಅಲ್ಲಿಗೇ ನಿಲ್ಲಿಸುತ್ತವೆ. ಅಲ್ಲಿ 120ರ ವಾಟರ್ ಕೂಲರ್ (ಪ್ರೊಸೆಸರಿನ ಬಿಸಿಯನ್ನು ನೀರಿನಲ್ಲಿ ಹೊತ್ತು ತಂದು ರೇಡಿಯೇಟರಿನಲ್ಲಿ ಗಾಳಿಗೆ ಬಿಡುವ ವ್ಯವಸ್ಥೆ) ಕೂರುತ್ತದೆ, ಅದಕ್ಕಿಂತ ದೊಡ್ಡದು ಕೂರುವುದಿಲ್ಲ. ಕಚೇರಿ ಕೆಲಸಕ್ಕೆ ಅಷ್ಟು ಸಾಕು. ಆದರೆ ವಿಡಿಯೊ ರೆಂಡರ್, ಕೋಡ್ ಕಂಪೈಲ್, ಗೇಮ್ ಅಂತ ಪ್ರೊಸೆಸರ್ ಗಂಟೆಗಟ್ಟಲೆ 150 ವ್ಯಾಟ್ ತಿನ್ನುತ್ತಿದ್ದರೆ ಆ ಒಂಟಿ ಫ್ಯಾನ್ ಪೂರ್ತಿ ವೇಗದಲ್ಲಿ ಕೂಗುತ್ತಲೇ ಇರಬೇಕಾಗುತ್ತದೆ. ಆಗ ಮೇಲಿನ ತಗಡು ಕೊಯ್ದು 240, ಅಂದರೆ ಎರಡು 120 ಫ್ಯಾನ್ ಪಕ್ಕಪಕ್ಕ ಕೂರುವ ರೇಡಿಯೇಟರ್, ಕೂರಿಸುವ ಯೋಚನೆ ಬರುತ್ತದೆ. ಒಳ್ಳೆಯ ಯೋಚನೆಯೇ. ಒಂದು ರಜಾದಿನದಲ್ಲಿ ಮುಗಿಯುವ ಕೆಲಸವೂ ಹೌದು, ಅಳತೆಗೆ ಅದರ ಮುಂಚಿನ ಒಂದು ಸಂಜೆ ಪೂರ್ತಿ ಕೊಟ್ಟರೆ.

ಕೆಟ್ಟುಹೋದ ಇಂಥ ಕೆಲಸಗಳನ್ನು ನೋಡಿದರೆ ಬಹುಪಾಲು ಎರಡೇ ಕಡೆ ಎಡವಿರುತ್ತವೆ. ರೇಡಿಯೇಟರನ್ನು ಅಳೆದಿರುತ್ತಾರೆ, ಅದರ ಜೊತೆಗೆ ಬರುವ ಫ್ಯಾನು, ಸ್ಕ್ರೂ ತಲೆ, ಪೈಪಿನ ಬಾಗು ಇವನ್ನು ಅಳೆದಿರುವುದಿಲ್ಲ. ಗಾಳಿ ಹೊರಹೋಗಲು ದೊಡ್ಡ ಕಂಡಿ ಕೊಯ್ದಿರುತ್ತಾರೆ, ಒಳಗೆ ಬರಲು ದಾರಿ ಮಾಡಿರುವುದಿಲ್ಲ. ಈ ಬರಹದ ಹೆಚ್ಚಿನ ಭಾಗ ಈ ಎರಡರ ಸುತ್ತಲೇ ಇದೆ.

ಎಷ್ಟು ದೊಡ್ಡದು ಹಾಕಬೇಕು ಎನ್ನುವುದನ್ನು ಗಾಳಿ ಹಾಯುವ ಮುಖದ ಲೆಕ್ಕದಲ್ಲಿ ನೋಡಿ. 120ರ ರೇಡಿಯೇಟರಿಗೆ 14,400 ಚದರ ಮಿ.ಮೀ., 240ಕ್ಕೆ 28,800, ಎರಡು 140 ಫ್ಯಾನಿನ 280ಕ್ಕೆ 39,200, 360ಕ್ಕೆ 43,200. ಅಂದರೆ 280 ಹಾಕಿದರೆ 360ರ ಹತ್ತರಲ್ಲಿ ಒಂಬತ್ತು ಪಾಲು ಸಿಕ್ಕಿಬಿಡುತ್ತದೆ, ಉದ್ದದಲ್ಲಿ ಸುಮಾರು 80 ಮಿ.ಮೀ. ಉಳಿಯುತ್ತದೆ. ಕೇಸಿನ ಅಗಲ ಒಪ್ಪಿದರೆ 280 ಬಹಳ ಜಾಣ ಆಯ್ಕೆ. ಬಹಳಷ್ಟು ಪುಟ್ಟ ಕೇಸುಗಳಲ್ಲಿ ಅಗಲ ಒಪ್ಪುವುದಿಲ್ಲ, ಹಾಗಾಗಿ ಇಲ್ಲಿ 240ನ್ನೇ ಹಿಡಿದು ಹೇಳುತ್ತೇನೆ. 120ರಲ್ಲೇ 45 ಮಿ.ಮೀ. ದಪ್ಪದ್ದು ಹಾಕಿ ನಿಭಾಯಿಸೋಣ ಎನ್ನುವವರಿಗೆ ಒಂದು ಮಾತು: ದಪ್ಪ ರೇಡಿಯೇಟರಿನೊಳಗೆ ಗಾಳಿ ನುಗ್ಗಿಸಲು ಫ್ಯಾನ್ ಜೋರಾಗಿ ತಿರುಗಬೇಕು. ಸದ್ದು ಕಡಿಮೆಯಾಗಲಿ ಎಂಬ ಆಸೆಯಿದ್ದರೆ ದಪ್ಪಕ್ಕಿಂತ ಮುಖದ ಅಗಲವೇ ಮೇಲು.

ಅಳತೆ

ಎಐಒ (ಆಲ್-ಇನ್-ಒನ್, ನೀರು ತುಂಬಿ ಮುಚ್ಚಿಯೇ ಬರುವ) ಕೂಲರುಗಳ 240 ರೇಡಿಯೇಟರ್ ಸಾಮಾನ್ಯವಾಗಿ 275ರಿಂದ 277 ಮಿ.ಮೀ. ಉದ್ದ, 120 ಅಗಲ, 27 ದಪ್ಪ ಇರುತ್ತದೆ. ಹೆಸರಿನಲ್ಲಿರುವ 240 ಫ್ಯಾನುಗಳ ಉದ್ದ ಮಾತ್ರ. ಉಳಿದ 37 ಮಿ.ಮೀ. ಎರಡು ತುದಿಯ ನೀರಿನ ತೊಟ್ಟಿಗಳದ್ದು, ಆ ತೊಟ್ಟಿಗಳೂ ಸಮ ಅಲ್ಲ: ಪೈಪ್ ಇರುವ ಕಡೆಯದು ಉದ್ದ, ಇನ್ನೊಂದು ಗಿಡ್ಡ. ಆದ್ದರಿಂದ ರೇಡಿಯೇಟರಿನ ನಡುಮಧ್ಯವೂ ಫ್ಯಾನುಗಳ ನಡುಮಧ್ಯವೂ ಒಂದೇ ಜಾಗದಲ್ಲಿ ಬೀಳುವುದಿಲ್ಲ. ತಗಡಿನ ಮಧ್ಯಕ್ಕೆ ರೇಡಿಯೇಟರಿನ ಮಧ್ಯ ಹೊಂದಿಸಿ ಗುರುತು ಹಾಕಿದವರ ಕಂಡಿ ಆರೇಳು ಮಿ.ಮೀ. ಪಕ್ಕಕ್ಕೆ ಹೋಗುವುದು ಇದರಿಂದಲೇ.

ಪೈಪುಗಳು ಹೆಚ್ಚಿನ ಮಾದರಿಗಳಲ್ಲಿ ರೇಡಿಯೇಟರಿನ ಒಂದು ತುದಿಯಿಂದ ಉದ್ದದ ದಿಕ್ಕಿನಲ್ಲೇ ಹೊರಬರುತ್ತವೆ. ಅವು ಬಾಗಿ ಕೆಳಗಿಳಿಯಲು ಇನ್ನೂ 50 ಮಿ.ಮೀ. ಬೇಕು ಎಂದು ಹಿಡಿಯಿರಿ. 277ಕ್ಕೆ 50 ಸೇರಿಸಿದರೆ 327. ಕೇಸಿನೊಳಗೆ ಉದ್ದ 300 ಮಾತ್ರ ಇದ್ದರೆ ರೇಡಿಯೇಟರ್ ಕೂರುತ್ತದೆ, ಪೈಪು ಬಾಗುವುದಿಲ್ಲ. ಬಲವಂತವಾಗಿ ಬಾಗಿಸಿದರೆ ಚಪ್ಪಟೆಯಾಗಿ ನೀರಿನ ಓಟ ಕುಂಟುತ್ತದೆ.

ಎತ್ತರದ ಲೆಕ್ಕ ಹೀಗೆ: ರೇಡಿಯೇಟರ್ 27, ಮಾಮೂಲಿ ಫ್ಯಾನ್ 25, ಸ್ಕ್ರೂ ತಲೆಗೂ ಸ್ವಲ್ಪ ಬಿಡುವಿಗೂ 3. ಒಟ್ಟು 55. ತೆಳು ಫ್ಯಾನ್ ಆದರೆ 27, 15, 3 ಸೇರಿ 45. ಫ್ಯಾನುಗಳನ್ನು ತಗಡಿನ ಹೊರಗಡೆ ಇಟ್ಟರೆ ಒಳಗೆ ಬೇಕಾಗುವುದು ಬರೀ 30.

ಒಂದು ಉದಾಹರಣೆ ಇಟ್ಟುಕೊಂಡು ಲೆಕ್ಕ ಹಾಕೋಣ. ಕೇಸಿನ ಒಳ ಉದ್ದ 340, ಒಳ ಅಗಲ 190, ಬೋರ್ಡಿನ ಮೇಲಂಚಿನಿಂದ ಮೇಲ್ತಗಡಿನ ತನಕ 30 ಮಿ.ಮೀ. ಮಾಮೂಲಿ ಫ್ಯಾನಿನ 55 ಮಿ.ಮೀ. ಅಡುಕು ಇಳಿಬಿಟ್ಟರೆ ಅದು ಬೋರ್ಡಿನ ಮೇಲಿನ 25 ಮಿ.ಮೀ. ಪಟ್ಟಿಯ ಎದುರಿಗೆ ಬಂದು ನಿಲ್ಲುತ್ತದೆ. ಅಲ್ಲಿ ಏನೇನಿದೆ? ಸಾಮಾನ್ಯವಾಗಿ ಪ್ರೊಸೆಸರಿಗೆ ಕರೆಂಟ್ ಕೊಡುವ 8 ಪಿನ್ ಕನೆಕ್ಟರ್, ವಿಆರ್‌ಎಂ (ಪ್ರೊಸೆಸರಿಗೆ ವೋಲ್ಟೇಜ್ ಹೊಂದಿಸಿಕೊಡುವ ಭಾಗ) ಹೀಟ್‌ಸಿಂಕ್, ಫ್ಯಾನ್ ವೈರ್ ಸಿಕ್ಕಿಸುವ ಒಂದೆರಡು ಹೆಡರ್, ಕೆಲವು ಬೋರ್ಡುಗಳಲ್ಲಿ ರ‍್ಯಾಮ್ ಸ್ಲಾಟಿನ ತುದಿ. ಡಿಕ್ಕಿ ಹೊಡೆಯುತ್ತದೆಯೋ ಇಲ್ಲವೋ ಎನ್ನುವುದನ್ನು ಈಗ ಅಗಲ ತೀರ್ಮಾನಿಸುತ್ತದೆ. ರೇಡಿಯೇಟರನ್ನು ಬೋರ್ಡಿನಿಂದ ದೂರ, ಎದುರು ಬದಿಯ ಪ್ಯಾನೆಲ್ಲಿಗೆ ತಳ್ಳಿ 3 ಮಿ.ಮೀ. ಬಿಟ್ಟರೆ, 190ರಲ್ಲಿ 123 ಹೋಗಿ 67 ಉಳಿಯುತ್ತದೆ. ಸ್ಟ್ಯಾಂಡ್‌ಆಫ್ (ಬೋರ್ಡನ್ನು ತಗಡಿನಿಂದ ಎತ್ತಿ ಹಿಡಿಯುವ ಗಿಡ್ಡ ಕಂಬ) ಮತ್ತು ಬೋರ್ಡಿನ ದಪ್ಪ ಸೇರಿ ಸುಮಾರು 8. ಅಂದರೆ ಬೋರ್ಡಿನ ಮೇಲ್ಮೈಯಿಂದ 59 ಮಿ.ಮೀ. ತನಕ ಎದ್ದು ನಿಂತ ವಸ್ತುಗಳೆಲ್ಲ ರೇಡಿಯೇಟರಿನ ಪಕ್ಕದಲ್ಲಿ ತಪ್ಪಿಸಿಕೊಂಡು ಹೋಗುತ್ತವೆ. ಬರಿಯ ರ‍್ಯಾಮ್ ಕಡ್ಡಿಯ ಎತ್ತರ 31.25 ಮಿ.ಮೀ., ಅದಕ್ಕೆ ತೊಂದರೆಯೇ ಇಲ್ಲ. ಕಿರೀಟದಂಥ ಹೀಟ್ ಸ್ಪ್ರೆಡರ್ ಹೊತ್ತದ್ದಾದರೆ ಸ್ಲಾಟಿನಲ್ಲಿ ಕೂತಿರುವಾಗಲೇ ಅಳೆಯಬೇಕು. ಪ್ರೊಸೆಸರಿನ ಮೇಲೆ ಕೂರುವ ಪಂಪ್ ಬ್ಲಾಕ್ ಸಾಮಾನ್ಯವಾಗಿ 50 ಮಿ.ಮೀ. ಆಸುಪಾಸು ಇರುತ್ತದೆ, ಅದರ ಪಕ್ಕದಿಂದ ಹೊರಡುವ ಪೈಪಿಗೂ ತಿರುಗಲು ಜಾಗ ಬೇಕು.

ಇದೇ ಉದಾಹರಣೆಯಲ್ಲಿ ಫ್ಯಾನ್ ಹೊರಗಿಟ್ಟರೆ ಒಳಗೆ ಬೇಕಾದ 30, ಇರುವ 30, ಸರಿಯಾಗಿ ಮುಗಿಯಿತು. ಬೋರ್ಡಿನ ಎದುರಿಗೆ ಏನೂ ಇಳಿಯುವುದಿಲ್ಲ. ಬದಲಿಗೆ ಕೇಸಿನ ತಲೆಯ ಮೇಲೆ 25 ಮಿ.ಮೀ. ಫ್ಯಾನ್ ಏಳುತ್ತದೆ, ಅದಕ್ಕೊಂದು ಜಾಲರಿ ಮುಚ್ಚಳ ಮಾಡಬೇಕು. ನನ್ನ ಒಲವು ಹೊರಗಿಡುವ ಕಡೆಗೇ: ಬೋರ್ಡಿನ ಸುತ್ತ ಗಾಳಿ ಆಡುತ್ತದೆ, ಫ್ಯಾನ್ ಒರೆಸಲು ಕೇಸ್ ಬಿಚ್ಚಬೇಕಿಲ್ಲ. ತೆಳು ಫ್ಯಾನ್ ಕೊನೆಯ ಆಯ್ಕೆ. ಅದರ ರೆಕ್ಕೆ ಗಿಡ್ಡ, ಒತ್ತಡ ಕಡಿಮೆ, ರೇಡಿಯೇಟರಿನ ಮೂಲಕ ಅಷ್ಟೇ ಗಾಳಿ ತಳ್ಳಲು ಹೆಚ್ಚು ವೇಗ ಬೇಕು.

ಕೇಸಿನಲ್ಲಿ ದೊಡ್ಡ ಅಳತೆಯ ಎಟಿಎಕ್ಸ್ ಪವರ್ ಸಪ್ಲೈ ಇದ್ದರೆ ಗರಗಸ ಮುಟ್ಟುವ ಮೊದಲು ಅದರ ಕಡೆ ಒಮ್ಮೆ ನೋಡಿ. ಎಟಿಎಕ್ಸ್ 150 ಅಗಲ, 86 ಎತ್ತರ, 140 ಉದ್ದ. ಎಸ್‌ಎಫ್‌ಎಕ್ಸ್ ಎಂಬ ಚಿಕ್ಕ ಬಗೆಯದು 125, 63.5, 100. ಅದನ್ನು ಬದಲಾಯಿಸಿ ಅಡಾಪ್ಟರ್ ತಗಡು ಹಾಕಿದರೆ ಉದ್ದದಲ್ಲೇ 40 ಮಿ.ಮೀ. ಬಿಡುಗಡೆಯಾಗುತ್ತದೆ. ಕೆಲವು ಕೇಸುಗಳಲ್ಲಿ ಪೈಪ್ ಬಾಗಲು ಬೇಕಾದ ಜಾಗ ಇದರಿಂದಲೇ ಸಿಗುತ್ತದೆ, ಹಾರ್ಡ್ ಡಿಸ್ಕ್ ಗೂಡು ಕೊಯ್ಯುವ ಕೆಲಸ ತಪ್ಪುತ್ತದೆ.

ಲೆಕ್ಕ ಎಷ್ಟೇ ಸರಿಯಿದ್ದರೂ ರಟ್ಟಿನ ಅಚ್ಚು ಮಾಡದೆ ಮುಂದೆ ಹೋಗಬೇಡಿ. ರಟ್ಟು ಅಥವಾ ಥರ್ಮಾಕೋಲ್ ಕತ್ತರಿಸಿ 277 × 120 × 27ರ ಒಂದು ಇಟ್ಟಿಗೆ, 240 × 120 × 25ರ ಇನ್ನೊಂದು. ಟೇಪ್ ಅಂಟಿಸಿ, ಬೋರ್ಡ್, ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್, ಎಲ್ಲ ವೈರುಗಳೂ ಕೂತ ಕೇಸಿನಲ್ಲಿ ಇಟ್ಟು ನೋಡಿ. 8 ಪಿನ್ ವೈರನ್ನು ಸಿಕ್ಕಿಸಿಯೇ ನೋಡಬೇಕು. ಕನೆಕ್ಟರ್ ತಪ್ಪಿಸಿಕೊಂಡಿರುತ್ತದೆ, ಅದರಿಂದ ಮೇಲೇಳುವ ಗಟ್ಟಿ ವೈರಿನ ಬಾಗು ಬಂದು ಫ್ಯಾನಿನ ಚೌಕಟ್ಟಿಗೆ ಒರಗಿರುತ್ತದೆ. ಬದಿಯ ಪ್ಯಾನೆಲ್ ಮುಚ್ಚಿ ನೋಡುವುದನ್ನೂ ಮರೆಯಬೇಡಿ. ಅದರ ಒಳಮಡಿಕೆ 8-10 ಮಿ.ಮೀ. ತಿನ್ನುವ ಕೇಸುಗಳಿವೆ.

ಗುರುತು ಹಾಕುವುದು

120 ಫ್ಯಾನಿನ ಸ್ಕ್ರೂ ತೂತುಗಳು 105 ಮಿ.ಮೀ. ಚೌಕದ ನಾಲ್ಕು ಮೂಲೆಯಲ್ಲಿರುತ್ತವೆ. ಎರಡು ಫ್ಯಾನ್ ತಾಗಿಕೊಂಡು ಕೂತಾಗ ಉದ್ದದ ದಿಕ್ಕಿನಲ್ಲಿ ತೂತಿನ ಸಾಲುಗಳು 0, 105, 120, 225ರಲ್ಲಿ ಬೀಳುತ್ತವೆ. ಬಿಡಿಭಾಗ ತಂದು ತಾವೇ ಜೋಡಿಸುವ ಕಸ್ಟಮ್ ಲೂಪಿನ ಕೆಲವು ರೇಡಿಯೇಟರುಗಳಲ್ಲಿ ಎರಡು ಫ್ಯಾನಿನ ನಡುವಿನ ಆ 15ರ ಅಂತರ ಬೇರೆ ಇರುತ್ತದೆ, ಆದ್ದರಿಂದ ಕೈಯಲ್ಲಿರುವ ರೇಡಿಯೇಟರನ್ನೇ ವರ್ನಿಯರ್ ಹಿಡಿದು ಅಳೆಯಿರಿ, ಇಂಟರ್ನೆಟ್ಟಿನ ಚಿತ್ರ ನಂಬಬೇಡಿ. 280 ಆದರೆ ಚೌಕ 124.5, ಸಾಲುಗಳು 0, 124.5, 140, 264.5.

ತಗಡಿನ ಮೇಲೆ ಮಾಸ್ಕಿಂಗ್ ಟೇಪ್ ಪೂರ್ತಿ ಹೊದಿಸಿ. ಬಣ್ಣ ಗೀಚುವುದಿಲ್ಲ, ಪೆನ್ಸಿಲ್ ಗೆರೆ ಕಾಣುತ್ತದೆ. ಮೂಲೆಮಟ್ಟ ಇಟ್ಟು ಒಂದು ಅಂಚಿನಿಂದಲೇ ಎಲ್ಲ ಅಳತೆ ತೆಗೆಯಿರಿ. ಒಂದು ತೂತಿನಿಂದ ಇನ್ನೊಂದಕ್ಕೆ ಅಳೆಯುತ್ತ ಹೋದರೆ ಅರ್ಧರ್ಧ ಮಿ.ಮೀ. ತಪ್ಪು ಕೂಡುತ್ತಾ ಹೋಗುತ್ತದೆ. ಗುರುತು ಮುಗಿದ ಮೇಲೆ ಹೊರಗಿನ ನಾಲ್ಕು ತೂತುಗಳ ಕರ್ಣ ಅಳೆಯಿರಿ. 240ಕ್ಕೆ ಎರಡೂ ಕರ್ಣ 248.3 ಬರಬೇಕು, 280ಕ್ಕೆ 292.3. ಎರಡು ಕರ್ಣದ ನಡುವೆ ಒಂದು ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಚೌಕ ಸೊಟ್ಟಗಿದೆ, ಟೇಪ್ ಕಿತ್ತು ಹೊಸದಾಗಿ ಹಾಕಿ. ತಗಡಿನಲ್ಲಿ ಈ ತಪ್ಪು ಸಿಕ್ಕರೆ ಅಳಿಸಲಾಗುವುದಿಲ್ಲ.

ಕಂಡಿಯ ವ್ಯಾಸ ಎಷ್ಟಿರಬೇಕು ಎನ್ನುವಲ್ಲಿ ಸ್ವಲ್ಪ ಯೋಚಿಸಬೇಕು. 120 ಫ್ಯಾನಿಗೆ 114 ಮಿ.ಮೀ. ಹೋಲ್ ಸಾ (ದುಂಡು ಕಂಡಿ ಕೊಯ್ಯುವ ಬಳೆಯಾಕಾರದ ಗರಗಸ) ರೂಢಿ. ಒಂಟಿ ಫ್ಯಾನಿಗೆ ಅದು ಚೆನ್ನ. ಎರಡು ಪಕ್ಕಪಕ್ಕ ಬಂದಾಗ ಕೇಂದ್ರಗಳ ನಡುವೆ 120, ಅದರಲ್ಲಿ 114 ಹೋದರೆ ನಡುವೆ ಉಳಿಯುವ ಪಟ್ಟಿ ಬರೀ 6 ಮಿ.ಮೀ. 0.8 ಮಿ.ಮೀ. ದಪ್ಪದ ಉಕ್ಕಿನ ತಗಡಿನಲ್ಲಿ 6 ಮಿ.ಮೀ. ಪಟ್ಟಿ ಎರಡನೇ ಕಂಡಿ ಕೊಯ್ಯುವಾಗಲೇ ತಿರುಚಿಕೊಳ್ಳುತ್ತದೆ. 111 ಮಿ.ಮೀ. ಹೋಲ್ ಸಾ ಬಳಸಿದರೆ ಪಟ್ಟಿ 9 ಆಗುತ್ತದೆ, ಕಳೆದುಕೊಳ್ಳುವ ಗಾಳಿಯ ಜಾಗ ನೂರಕ್ಕೆ ಐದರಷ್ಟು. ಈ ವಿನಿಮಯ ನನಗೆ ಪೂರ್ತಿ ಒಪ್ಪಿಗೆ.

ಇನ್ನೊಂದು ದಾರಿ, ಕೇಸಿನ ತಗಡಿನಲ್ಲಿ ಒಂದೇ ಆಯತ ಕೊಯ್ದು, ಅದರ ಮೇಲೆ 2 ಮಿ.ಮೀ. ಅಲ್ಯೂಮಿನಿಯಂ ಹಾಳೆಯಲ್ಲಿ ಲೇಸರ್ ಕಟಿಂಗ್ ಮಾಡಿಸಿದ ಚೌಕಟ್ಟು ಬಿಗಿಯುವುದು. ಸ್ಕ್ರೂ ತೂತಿನ ಬದಲು 4 ಮಿ.ಮೀ. ಅಗಲ, 15 ಮಿ.ಮೀ. ಉದ್ದದ ಸೀಳು ಮಾಡಿಸಿದರೆ ರೇಡಿಯೇಟರನ್ನು ಆಚೀಚೆ ಸರಿಸಿ ಹೊಂದಿಸಬಹುದು. ಆಯತದ ಅಂಚು ವಕ್ರವಾಗಿದ್ದರೂ ಚೌಕಟ್ಟಿನ ಕೆಳಗೆ ಮುಚ್ಚಿಹೋಗುತ್ತದೆ. ಕೈ ಇನ್ನೂ ಪಳಗದವರಿಗೆ ಇದೇ ಸುಲಭ.

ಕೊಯ್ಯುವುದು

ಕೇಸಿನೊಳಗಿನದ್ದೆಲ್ಲ ಹೊರಗೆ ತೆಗೆದಿಡಿ. ಬೋರ್ಡಿಗೆ ಪ್ಲಾಸ್ಟಿಕ್ ಸುತ್ತಿ ಅಲ್ಲೇ ಬಿಟ್ಟು ಕೊಯ್ಯುವುದು ಬೇಡವೇ ಬೇಡ. ಕಣ್ಣಿಗೆ ಕಾಣದಷ್ಟು ಸಣ್ಣ ಉಕ್ಕಿನ ಚೂರು ಸಾಕೆಟ್ಟಿನ ಪಿನ್ನುಗಳ ನಡುವೆ ಬಿದ್ದರೆ ಬೋರ್ಡೇ ಹೋಯಿತು.

ಮೇಲ್ತಗಡು ರಿವೆಟ್ಟಿನಲ್ಲಿದ್ದರೆ ಅದನ್ನು ಬೇರ್ಪಡಿಸಿ ಮೇಜಿನ ಮೇಲೆ ಕೊಯ್ಯುವುದು ಎಷ್ಟೋ ವಾಸಿ. ಕೇಸಿನ ರಿವೆಟ್‌ಗಳು ಬಹುತೇಕ 3.2 ಮಿ.ಮೀ. ಪಾಪ್ ರಿವೆಟ್. ಮಧ್ಯದಲ್ಲಿ ತುಂಡಾಗಿ ಉಳಿದ ಉಕ್ಕಿನ ಕಡ್ಡಿ ಇರುತ್ತದೆ. ಅದನ್ನು ಸಣ್ಣ ಪಂಚ್ ಇಟ್ಟು ಸುತ್ತಿಗೆಯಿಂದ ಒಂದೇಟು ಕೊಟ್ಟು ಹಿಂದಕ್ಕೆ ತಳ್ಳಿ. ಹಾಗೆ ಮಾಡದಿದ್ದರೆ ಡ್ರಿಲ್ ಬಿಟ್ ಆ ಗಟ್ಟಿ ಕಡ್ಡಿಯ ಮೇಲೆ ಜಾರಿ ಪಕ್ಕದ ಬಣ್ಣ ಉಜ್ಜುತ್ತದೆ. ಆಮೇಲೆ 3.2 ಬಿಟ್ಟಿನಿಂದ ನಿಧಾನಕ್ಕೆ ರಿವೆಟ್ಟಿನ ತಲೆ ಮಾತ್ರ ಕೊರೆಯಿರಿ, ತಲೆ ಉಂಗುರದಂತೆ ಕಳಚಿ ಬಿಟ್ಟಿಗೆ ಸಿಕ್ಕಿಕೊಳ್ಳುತ್ತದೆ. ರಿವೆಟ್ ಬಿಟ್ಟಿನ ಜೊತೆಯೇ ತಿರುಗಲು ಶುರುವಾದರೆ ಹಿಂದಿನಿಂದ ಇಕ್ಕಳದಲ್ಲಿ ಹಿಡಿಯಿರಿ. ಖುಷಿಯ ಸಂಗತಿ ಏನೆಂದರೆ ಆ 3.2 ತೂತು ಎಂ3 (3 ಮಿ.ಮೀ.) ಬೋಲ್ಟಿಗೆ ಸರಿಯಾಗಿ ಹೊಂದುತ್ತದೆ. ಮರಳಿ ಜೋಡಿಸುವಾಗ ರಿವೆಟ್ ಗನ್ ಬೇಕಿಲ್ಲ, ಎಂ3 ಬೋಲ್ಟು, ನೈಲಾನ್ ಲಾಕ್ ನಟ್ಟು ಸಾಕು. ಮುಂದೆ ಬಿಚ್ಚುವುದೂ ಸುಲಭ.

ಸ್ಕ್ರೂ ತೂತುಗಳಿಗೆ ಸೆಂಟರ್ ಪಂಚ್ ಗುರುತು, 2 ಮಿ.ಮೀ. ಪೈಲಟ್, ಆಮೇಲೆ 4.3. ತೆಳು ತಗಡಿಗೆ ನೇರವಾಗಿ ದೊಡ್ಡ ಬಿಟ್ ಇಳಿಸಿದರೆ ತೂತು ದುಂಡಗೆ ಬರದೆ ಮೂರು ಮೂಲೆಯಾಗುತ್ತದೆ, ಬಿಟ್ ಹೊರಬರುವ ಕ್ಷಣ ತಗಡನ್ನು ಕಚ್ಚಿ ಎತ್ತುತ್ತದೆ. ಕೆಳಗೆ ಮರದ ತುಂಡು ಇಟ್ಟು ಕ್ಲ್ಯಾಂಪ್ ಹಾಕಿ. ಸ್ಟೆಪ್ ಡ್ರಿಲ್ ಇದ್ದರೆ ಈ ಕಾಟವೇ ಇಲ್ಲ.

ದೊಡ್ಡ ಕಂಡಿಗೆ ಬೈಮೆಟಲ್ ಹೋಲ್ ಸಾ. ತಗಡಿನ ಕೆಳಗೂ ಮೇಲೂ ಪ್ಲೈವುಡ್ ಇಟ್ಟು ಸ್ಯಾಂಡ್‌ವಿಚ್ ಮಾಡಿ ಕೊಯ್ದರೆ ಅಂಚು ನೀಟಾಗಿ ಬರುತ್ತದೆ. ಎಲ್ಲರೂ ತಪ್ಪುವುದು ವೇಗದಲ್ಲಿ. 111-114 ಮಿ.ಮೀ. ಗರಗಸದ ಹಲ್ಲು ಒಂದು ಸುತ್ತಿಗೆ ಸುಮಾರು 35 ಸೆಂ.ಮೀ. ಓಡುತ್ತದೆ, ಉಕ್ಕಿನಲ್ಲಿ ನಿಮಿಷಕ್ಕೆ 30 ಮೀಟರ್ ದಾಟಬಾರದು ಎಂದರೆ ನಿಮಿಷಕ್ಕೆ 80-85 ಸುತ್ತು ಅಷ್ಟೇ. ಡ್ರಿಲ್ಲಿನ ಲೋ ಗೇರ್ ಹಾಕಿ, ಗುಂಡಿ ಅರ್ಧಂಬರ್ಧ ಒತ್ತಿ, ನಡುನಡುವೆ ಎರಡು ಹನಿ ಎಣ್ಣೆ ಬಿಡಿ. ಜೋರಾಗಿ ತಿರುಗಿಸಿದರೆ ತಗಡು ನೀಲಿಗಟ್ಟುತ್ತದೆ, ಹಲ್ಲು ಹತ್ತು ಸೆಕೆಂಡಿನಲ್ಲಿ ಮೊಂಡಾಗುತ್ತದೆ. ಇಷ್ಟು ದೊಡ್ಡ ಗರಗಸ ಕಚ್ಚಿಕೊಂಡರೆ ಡ್ರಿಲ್ ಕೈ ತಿರುಚಿಬಿಡುವಷ್ಟು ಬಲ ಬರುತ್ತದೆ, ಪಕ್ಕದ ಹಿಡಿಕೆ ಹಾಕದೆ ಮುಟ್ಟಬೇಡಿ.

ಜಿಗ್ ಸಾ ಬಳಸುವುದಾದರೆ ತೆಳು ಲೋಹದ ಬ್ಲೇಡ್ ಬೇಕು, ಹಲ್ಲಿನ ಅಂತರ 0.7-0.8 ಮಿ.ಮೀ. ಇರುವಂಥದ್ದು. ಮರದ ಬ್ಲೇಡ್ ತಗಡನ್ನು ಹರಿದು ಅಲೆ ಎಬ್ಬಿಸುತ್ತದೆ. ರೋಟರಿ ಟೂಲಿನ ಕಟಿಂಗ್ ಡಿಸ್ಕ್ ನೇರ ಗೆರೆಗೆ ಒಳ್ಳೆಯದು, ದುಂಡು ಕಂಡಿಗೆ ಅಲ್ಲ; ಆ ಡಿಸ್ಕ್ ಸ್ವಲ್ಪ ಓರೆಯಾದರೂ ಸಿಡಿದು ಮುಖಕ್ಕೆ ಬರುತ್ತದೆ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇಲ್ಲದೆ ಬೇಡ. ಕೇಸಿನ ಉಕ್ಕಿಗೆ ಸತುವಿನ ಲೇಪ ಇರುತ್ತದೆ, ಉಜ್ಜಿದಾಗ ಅದರ ಹೊಗೆ, ಧೂಳು ಒಳಗೆ ಹೋಗಬಾರದು. ಆಂಗಲ್ ಗ್ರೈಂಡರ್ ಈ ತೆಳು ತಗಡಿಗೆ ಅತಿಯಾಯಿತು, ಬಿಸಿಗೆ ತಗಡು ಬೊಕ್ಕೆಯೇಳುತ್ತದೆ.

ಯಾವುದರಿಂದ ಕೊಯ್ದರೂ ತಗಡಿನ ಸುತ್ತಲ ಮಡಿಕೆ ಅಂಚನ್ನು ಮುಟ್ಟಬೇಡಿ, ಅದರಿಂದ ಒಳಗೆ ಕನಿಷ್ಠ 15 ಮಿ.ಮೀ. ಬಿಡಿ. ಮೇಲ್ತಗಡಿಗೆ ಬಿಗಿ ಬರುವುದೇ ಆ ಮಡಿಕೆಯಿಂದ. ಫ್ಯಾನ್ ಸಹಿತ 240 ರೇಡಿಯೇಟರ್ ಸುಮಾರು ಒಂದು ಕಿಲೋ ತೂಗುತ್ತದೆ. ಎರಡು ಕಂಡಿ ಬಿದ್ದ ತಗಡು ಅದನ್ನು ಹೊತ್ತು ಜಗ್ಗುವಂತೆ ಕಂಡರೆ, ಉದ್ದದ ಎರಡು ಬದಿಗೂ 12 × 12 × 1.5 ಮಿ.ಮೀ. ಅಲ್ಯೂಮಿನಿಯಂ ಎಲ್ ಆಂಗಲ್ ಇಟ್ಟು ಅದೇ ಎಂ3 ಬೋಲ್ಟುಗಳಲ್ಲಿ ಬಿಗಿಯಿರಿ.

ಅಂಚಿಗೆ ಅರೆದುಂಡು ಅರ ಹಾಕಿ ಸಿಬಿರು ತೆಗೆಯಿರಿ, ಬೆರಳು ಸವರಿದರೆ ತಡೆಯಬಾರದು. ನಂತರ 180, 320 ನಂಬರಿನ ಉಪ್ಪುಕಾಗದ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ಎಚ್ ಪ್ರೈಮರ್ (etch primer, ಲೋಹವನ್ನು ಕಚ್ಚಿ ಹಿಡಿಯುವ ಅಡಿಬಣ್ಣ), ಅದರ ಮೇಲೆ ತೆಳುವಾಗಿ ಎರಡು ಮೂರು ಸಲ ಸ್ಪ್ರೇ ಬಣ್ಣ. ಒಂದೇ ಸಲ ದಪ್ಪಗೆ ಹೊಡೆದರೆ ಇಳಿದುಹೋಗುತ್ತದೆ. ಬಣ್ಣದ ಗೋಜು ಬೇಡವಾದರೆ ಅಂಚಿಗೆ ಯು ಆಕಾರದ ರಬ್ಬರ್ ಬೀಡಿಂಗ್ ತೊಡಿಸಬಹುದು, ಆದರೆ ಅದರ ದಪ್ಪ ರೇಡಿಯೇಟರ್ ಮತ್ತು ತಗಡಿನ ನಡುವೆ ಬರದಂತೆ ನೋಡಿಕೊಳ್ಳಿ. ಕೊನೆಗೆ ಇಡೀ ಕೇಸನ್ನು ಸೋಪಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ, ಮೂಲೆಗಳಲ್ಲಿ ಆಯಸ್ಕಾಂತ ಆಡಿಸಿ. ಅಲ್ಯೂಮಿನಿಯಂ ಪುಡಿ ಆಯಸ್ಕಾಂತಕ್ಕೆ ಬರುವುದಿಲ್ಲ, ಅದಕ್ಕೆ ಒದ್ದೆ ಬಟ್ಟೆಯೇ ಗತಿ.

ಸ್ಕ್ರೂವಿನ ಉದ್ದ

ಹೊಸ ರೇಡಿಯೇಟರ್ ಹಾಳಾಗಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಬಹಳಷ್ಟು ಎಐಒ ರೇಡಿಯೇಟರುಗಳಲ್ಲಿ ಸ್ಕ್ರೂ ತೂತಿನ ನೇರ ಕೆಳಗೇ ನೀರಿನ ಚಪ್ಪಟೆ ಕೊಳವೆ ಇರುತ್ತದೆ. ಎರಡು ಸುತ್ತು ಹೆಚ್ಚು ಬಿಗಿದರೆ ಸ್ಕ್ರೂವಿನ ತುದಿ ಕೊಳವೆಗೆ ಇಳಿಯುತ್ತದೆ. ಒಮ್ಮೊಮ್ಮೆ ಆ ಕ್ಷಣ ಸೋರುವುದೂ ಇಲ್ಲ, ಬಿಸಿಯಾಗಿ ಒತ್ತಡ ಏರಿದ ಮೇಲೆ ಗ್ರಾಫಿಕ್ಸ್ ಕಾರ್ಡಿನ ಮೇಲೆ ತೊಟ್ಟಿಕ್ಕಲು ಶುರುವಾಗುತ್ತದೆ.

ಮೊದಲು ಎಳೆ ಯಾವುದು ಎಂದು ತಿಳಿದುಕೊಳ್ಳಿ. ಎಐಒಗಳಲ್ಲಿ 6-32 ಎಂಬ ಇಂಚಿನ ಲೆಕ್ಕದ ಎಳೆ ಸಾಮಾನ್ಯ, ಕೆಲವು ರೇಡಿಯೇಟರುಗಳಲ್ಲಿ ಎಂ3, ಇನ್ನು ಕೆಲವರದ್ದು ಎಂ4. 6-32 ತೂತಿಗೆ ಎಂ3 ಹಾಕಿದರೆ ಲೊಡಲೊಡ, ಎಂ4 ತುರುಕಿದರೆ ಎಳೆ ಹರಿದುಹೋಗುತ್ತದೆ. ಬೆರಳಲ್ಲಿ ತಿರುಗಿಸಿದಾಗ ಸಲೀಸಾಗಿ ಹೋಗದ ಸ್ಕ್ರೂವನ್ನು ಸ್ಕ್ರೂಡ್ರೈವರಿನಿಂದ ಬಲವಂತ ಮಾಡಬೇಡಿ.

ಇನ್ನು ಉದ್ದದ ಲೆಕ್ಕ. ವರ್ನಿಯರಿನ ಹಿಂಬದಿಯ ಆಳದ ಕಡ್ಡಿಯನ್ನು ರೇಡಿಯೇಟರಿನ ತೂತಿಗೆ ಇಳಿಸಿ, ಕೊಳವೆ ತಾಗುವ ತನಕ ಎಷ್ಟು ಆಳ ಎಂದು ನೋಡಿ. 5 ಮಿ.ಮೀ. ಬಂತು ಎನ್ನೋಣ. ಫ್ಯಾನ್ 25, ತಗಡು 0.8, ವಾಷರ್ 1, ಒಟ್ಟು 26.8. ಕೂಲರ್ ಜೊತೆ ಬಂದ 30 ಮಿ.ಮೀ. ಸ್ಕ್ರೂ ಹಾಕಿದರೆ ಒಳಗೆ ಹೋಗುವುದು 3.2. 6-32ರ ಎಳೆಯ ಅಂತರ ಸುಮಾರು 0.8 ಮಿ.ಮೀ., ಅಂದರೆ ನಾಲ್ಕು ಸುತ್ತು ಹಿಡಿತ. ಗಟ್ಟಿಯಾಗಿ ನಿಲ್ಲುತ್ತದೆ, ಕೊಳವೆಗೆ ಇನ್ನೂ 1.8 ದೂರವಿದೆ. ಈಗ ಅದೇ ಸ್ಕ್ರೂವನ್ನು ತಗಡು, ವಾಷರ್ ಎರಡೂ ಇಲ್ಲದೆ ಬರೀ ಫ್ಯಾನಿಗೆ ಹಾಕಿ ನೋಡಿ: ಒಳಗೆ ಹೋಗುವುದು 5, ಕೊಳವೆಗೆ ತಾಗಿಯೇ ಬಿಟ್ಟಿತು. ಕೇಸಿನ ವಿನ್ಯಾಸ ಬದಲಾದಾಗ ಸ್ಕ್ರೂ ಬದಲಾಗಲೇಬೇಕು ಎನ್ನುವುದು ಇದಕ್ಕೇ. 2 ಮಿ.ಮೀ. ಚೌಕಟ್ಟು ಸೇರಿಸಿದರೆ ಲೆಕ್ಕ ಉಲ್ಟಾ, 30ರ ಸ್ಕ್ರೂಗೆ ಒಂದೂವರೆ ಸುತ್ತಿನ ಹಿಡಿತವಷ್ಟೇ ಉಳಿಯುತ್ತದೆ. ವಾಷರ್ ತೆಗೆಯಬೇಕು, ಇಲ್ಲವೇ 32ರ ಸ್ಕ್ರೂ ತರಬೇಕು. ಫ್ಯಾನ್ ಒಂದು ಕಡೆ, ತಗಡು ಇನ್ನೊಂದು ಕಡೆ ಇದ್ದರೆ ತಗಡಿಗೆ 5 ಮಿ.ಮೀ.ನ ಗಿಡ್ಡ ಸ್ಕ್ರೂ.

ರೇಡಿಯೇಟರಿನ ಸುತ್ತ ತಗಡಿಗೆ ತಾಗುವ ಜಾಗಕ್ಕೆ 3 ಮಿ.ಮೀ. ರಬ್ಬರ್ ಫೋಮ್ ಪಟ್ಟಿ ಅಂಟಿಸಿ. ಕಂಪನ ತಗಡಿಗೆ ದಾಟುವುದಿಲ್ಲ, ಹೊರಹೋದ ಬಿಸಿಗಾಳಿ ಸಂದಿಯಿಂದ ಮರಳಿ ಒಳಗೆ ನುಸುಳುವುದೂ ನಿಲ್ಲುತ್ತದೆ. ಬಿಗಿದಾಗ ಫೋಮ್ ಒತ್ತಿ ಒಂದು ಮಿ.ಮೀ. ಉಳಿಯುತ್ತದೆ, ಮೇಲಿನ ಲೆಕ್ಕದಲ್ಲಿ ವಾಷರಿನ ಜಾಗಕ್ಕೆ ಅದನ್ನೇ ಹಿಡಿಯಿರಿ.

ಪೈಪು, ಪಂಪು

ಮುಚ್ಚಿದ ಎಐಒದೊಳಗೂ ಸ್ವಲ್ಪ ಗಾಳಿ ಇದ್ದೇ ಇರುತ್ತದೆ. ಅದು ಅತಿ ಎತ್ತರದ ಜಾಗಕ್ಕೆ ಹೋಗಿ ಸೇರುತ್ತದೆ. ಆ ಜಾಗ ರೇಡಿಯೇಟರ್ ಆಗಿರಬೇಕು, ಪಂಪ್ ಆಗಬಾರದು. ಮೇಲ್ಗಡೆ ಮಲಗಿಸಿದ ರೇಡಿಯೇಟರಿನಲ್ಲಿ ಈ ಚಿಂತೆ ಇಲ್ಲ. ಮುಂಭಾಗದಲ್ಲಿ ನಿಲ್ಲಿಸುವುದಾದರೆ ಪೈಪು ಕೆಳಗೆ ಬರುವಂತೆ ನಿಲ್ಲಿಸಿ, ರೇಡಿಯೇಟರಿನ ಮೇಲ್ತುದಿ ಪಂಪಿಗಿಂತ ಎತ್ತರದಲ್ಲಿರಲಿ. ಕೇಸಿನ ತಳದಲ್ಲಿ ಕೂರಿಸಬೇಡಿ, ಗಾಳಿಯೆಲ್ಲ ಪಂಪಿಗೆ ಬಂದು ಗರಗರ ಸದ್ದು, ಆಮೇಲೆ ಪಂಪ್ ಸವೆತ.

ಪುಟ್ಟ ಕೇಸಿನಲ್ಲಿ ಪೈಪ್ ಉದ್ದ ಕಡಿಮೆ ಬೀಳುವುದು ಅಪರೂಪ, ಹೆಚ್ಚಾಗಿ ತೊಡಕಾಗುತ್ತದೆ. ಪಂಪ್ ಬ್ಲಾಕನ್ನು 90 ಡಿಗ್ರಿ ತಿರುಗಿಸಿ ಕೂರಿಸಿದರೆ ಎಷ್ಟೋ ಸಲ ಬಾಗು ಸಲೀಸಾಗುತ್ತದೆ. ಪೈಪು ಗ್ರಾಫಿಕ್ಸ್ ಕಾರ್ಡಿನ ಹಿಂಬದಿಯ ಬಿಸಿ ಲೋಹಕ್ಕೂ ಫ್ಯಾನಿನ ರೆಕ್ಕೆಗೂ ತಾಗದಿರಲಿ.

ಕಸ್ಟಮ್ ಲೂಪ್ ಹಾಕುವವರು ನೀರು ತುಂಬುವ ಮೊದಲು ಗಾಳಿ ಪಂಪಿನ ಲೀಕ್ ಟೆಸ್ಟರಿನಲ್ಲಿ 0.5 ಬಾರ್ ಒತ್ತಡ ಕೊಟ್ಟು ಅರ್ಧ ಗಂಟೆ ಮುಳ್ಳು ನೋಡಲಿ. ನೀರು ತುಂಬಿದ ಮೇಲೆ ಬೋರ್ಡಿಗೆ ಕರೆಂಟ್ ಕೊಡದೆ ಪಂಪ್ ಒಂದನ್ನೇ ಓಡಿಸಬೇಕು: 24 ಪಿನ್ ಕನೆಕ್ಟರಿನ 16ನೇ ಪಿನ್ನನ್ನು ಪಕ್ಕದ ಯಾವುದಾದರೂ ಗ್ರೌಂಡ್ ಪಿನ್ನಿಗೆ ಜೋಡಿಸಿದರೆ ಪವರ್ ಸಪ್ಲೈ ಆನ್ ಆಗುತ್ತದೆ. ಪ್ರತಿ ಫಿಟಿಂಗಿನ ಕೆಳಗೆ ಟಿಶ್ಯೂ ಕಾಗದ, ಒಂದು ದಿನ ಪೂರ್ತಿ.

ಒಳಬರುವ ಗಾಳಿ

200 ವ್ಯಾಟ್ ಬಿಸಿಯನ್ನು ಗಾಳಿ ಹತ್ತು ಡಿಗ್ರಿಯಷ್ಟೇ ಬಿಸಿಯಾಗಿ ಹೊತ್ತೊಯ್ಯಬೇಕಾದರೆ ಗಂಟೆಗೆ 60 ಘನ ಮೀಟರ್ ಗಾಳಿ ಬೇಕು. ಪ್ರೊಸೆಸರ್ 150, ಗ್ರಾಫಿಕ್ಸ್ ಕಾರ್ಡ್ 250, ಒಟ್ಟು 400 ವ್ಯಾಟ್ ಎಂದರೆ 120 ಘನ ಮೀಟರ್. ಮೇಲೆ ಕೊಯ್ದ ಕಂಡಿಯಿಂದ ಅಷ್ಟು ಹೊರಹೋಗಬಹುದು, ಆದರೆ ಅಷ್ಟೇ ಗಾಳಿ ಎಲ್ಲಿಂದಲೋ ಒಳಗೆ ಬರಲೂಬೇಕು.

111ರ ಎರಡು ಕಂಡಿಗಳ ವಿಸ್ತೀರ್ಣ 193 ಚದರ ಸೆಂ.ಮೀ., ಫ್ಯಾನಿನ ಮಧ್ಯದ ಗುಬುಟು ಕಳೆದರೆ ಸುಮಾರು 168. ಈಗ ಕೇಸಿನ ತಳ, ಬದಿಯ ಜಾಲರಿಗಳನ್ನು ಅಳೆದು ನೋಡಿ. ಜಾಲರಿಯ ಜಾಗವೆಲ್ಲ ಗಾಳಿಗೆ ತೆರೆದಿರುವುದಿಲ್ಲ. ಜೇನುಗೂಡಿನ ಸಾಲಿನಲ್ಲಿ ಕೊರೆದ ದುಂಡು ತೂತುಗಳಿಗೆ ಲೆಕ್ಕ ಸುಲಭ: ತೂತಿನ ವ್ಯಾಸವನ್ನು ಕೇಂದ್ರದಿಂದ ಕೇಂದ್ರದ ಅಂತರದಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, 90.7ರಿಂದ ಗುಣಿಸಿದರೆ ನೂರಕ್ಕೆ ಎಷ್ಟು ತೆರೆದಿದೆ ಎಂದು ಬರುತ್ತದೆ. 3 ಮಿ.ಮೀ. ತೂತು, 4 ಮಿ.ಮೀ. ಅಂತರಕ್ಕೆ 51. 5 ಮಿ.ಮೀ. ತೂತು, 6 ಮಿ.ಮೀ. ಅಂತರಕ್ಕೆ 63. ಅಂದರೆ ಮೊದಲ ಬಗೆಯ ಜಾಲರಿ ಆದರೆ 168ಕ್ಕೆ ಸಮ ಮಾಡಲು 330 ಚದರ ಸೆಂ.ಮೀ. ಜಾಲರಿ ಬೇಕು. ಅದರ ಮೇಲೆ ಧೂಳಿನ ಫಿಲ್ಟರ್ ಹಾಕಿದರೆ ಇನ್ನೂ ಹೆಚ್ಚು. ಕಡಿಮೆ ಬಿದ್ದರೆ ತಳದಲ್ಲಿ ಒಂದು ಕಂಡಿ ಕೊಯ್ಯಿರಿ, ಕಾಲುಗಳನ್ನು 20-25 ಮಿ.ಮೀ. ಎತ್ತರದವಕ್ಕೆ ಬದಲಿಸಿ. 5 ಮಿ.ಮೀ. ಕಾಲಿನ ಮೇಲೆ ನಿಂತ ಕೇಸಿಗೆ ತಳದ ಕಂಡಿ ಇದ್ದೂ ಇಲ್ಲದಂತೆ.

ಮೇಲಿನ ಫ್ಯಾನ್ ಗಾಳಿ ಹೊರಗೆ ಹಾಕಬೇಕೇ, ಒಳಗೆ ಎಳೆಯಬೇಕೇ? ಹೊರಗೆ ಹಾಕಿದರೆ ರೇಡಿಯೇಟರಿಗೆ ಸಿಗುವುದು ಗ್ರಾಫಿಕ್ಸ್ ಕಾರ್ಡಿನಿಂದ ಬಿಸಿಯಾದ ಗಾಳಿ, ನೀರು ಆ ಗಾಳಿಗಿಂತ ತಣ್ಣಗಾಗಲು ಸಾಧ್ಯವಿಲ್ಲ. ಒಳಗೆ ಎಳೆದರೆ ಪ್ರೊಸೆಸರ್ ತಣ್ಣಗಿರುತ್ತದೆ, ಬೋರ್ಡು, ಎಸ್‌ಎಸ್‌ಡಿ, ಕಾರ್ಡು ಎಲ್ಲವೂ ಬೇಯುತ್ತವೆ. ಪ್ರೊಸೆಸರ್ ಕೆಲಸವೇ ಹೆಚ್ಚು, ಕಾರ್ಡು ಸಣ್ಣದು ಎಂದಾದರೆ ಒಳಗೆ ಎಳೆಯಿರಿ. ದೊಡ್ಡ ಕಾರ್ಡಿನ ಗೇಮಿಂಗ್ ಯಂತ್ರವಾದರೆ ಹೊರಗೆ ಹಾಕುವುದೇ ಸರಿ. ವಾಟರ್ ಕೂಲರ್ ಬಂದ ಮೇಲೆ ಪ್ರೊಸೆಸರಿನ ಸುತ್ತ ಬೀಸುತ್ತಿದ್ದ ಫ್ಯಾನ್ ಇಲ್ಲವಾಗುತ್ತದೆ, ವಿಆರ್‌ಎಂ ಬಿಸಿಯ ಮೇಲೆ ಕಣ್ಣಿಡಿ. ಹಿಂಬದಿಯ ಹಳೆಯ 120ರ ಜಾಗ ಈಗ ಖಾಲಿ. ಅಲ್ಲಿ ಒಂದು ಫ್ಯಾನ್ ನಿಧಾನಕ್ಕೆ ತಿರುಗುತ್ತಿದ್ದರೆ ಆ ಬಿಸಿ ಹೊರಹೋಗುತ್ತದೆ.

ಪರೀಕ್ಷೆ ಮಾಡುವಾಗ ಅವಸರ ಬೇಡ. ನೀರು ನಿಧಾನಕ್ಕೆ ಬಿಸಿಯಾಗುತ್ತದೆ, ಐದು ನಿಮಿಷದ ಅಂಕಿಗೆ ಅರ್ಥವಿಲ್ಲ. ಪ್ರೊಸೆಸರ್, ಕಾರ್ಡು ಎರಡಕ್ಕೂ ಒಟ್ಟಿಗೆ ಕೆಲಸ ಕೊಟ್ಟು 30 ನಿಮಿಷ ಓಡಿಸಿ, ಕೋಣೆಯ ಉಷ್ಣತೆಯನ್ನೂ ಬರೆದಿಡಿ. ನೀರಿನ ಉಷ್ಣತೆ ತೋರಿಸುವ ಕೂಲರ್ ಆದರೆ ಅದು 60 ಡಿಗ್ರಿಯ ಹತ್ತಿರಕ್ಕೂ ಹೋಗಬಾರದು, ಸಾಮಾನ್ಯವಾಗಿ ಎಐಒಗಳ ಮಿತಿ ಅದೇ. ಆಮೇಲೆ ಬದಿಯ ಪ್ಯಾನೆಲ್ ತೆಗೆದು ಮತ್ತೆ 30 ನಿಮಿಷ. ಪ್ಯಾನೆಲ್ ತೆಗೆದಾಗ ಐದು ಡಿಗ್ರಿಗಿಂತ ಹೆಚ್ಚು ಇಳಿಯಿತೆಂದರೆ ಕೇಸಿಗೆ ಉಸಿರು ಸಾಲುತ್ತಿಲ್ಲ, ಒಳಬರುವ ದಾರಿ ಇನ್ನೂ ಅಗಲವಾಗಬೇಕು. ಇಳಿಯದಿದ್ದರೂ ಪ್ರೊಸೆಸರ್ ಬಿಸಿಯಾಗಿಯೇ ಇದ್ದರೆ ತಪ್ಪು ಬ್ಲಾಕ್ ಕೂತ ರೀತಿಯಲ್ಲೋ ಅದರ ಅಡಿಯ ಥರ್ಮಲ್ ಪೇಸ್ಟಿನಲ್ಲೋ ಇದೆ, ತಗಡಿನಲ್ಲಿ ಹುಡುಕಬೇಡಿ. ಒಂದು ಎಳೆ ಟಿಶ್ಯೂ ಕಾಗದ ಹಿಡಿದು ಕೇಸಿನ ಪ್ರತಿ ಸಂದಿಯ ಹತ್ತಿರ ಆಡಿಸಿ. ಮೇಲಿನ ಕಂಡಿಯ ಅಂಚಿನಲ್ಲೇ ಕಾಗದ ಒಳಕ್ಕೆ ಸೆಳೆದರೆ ಅಲ್ಲಿ ಫೋಮ್ ಸರಿಯಾಗಿ ಕೂತಿಲ್ಲ.

ಬಿಸಿ-ತಣ್ಣನೆ ಆಗುತ್ತ ಫೋಮ್ ಕುಗ್ಗುತ್ತದೆ, ಎರಡು ವಾರದ ನಂತರ ರೇಡಿಯೇಟರಿನ ಎಂಟೂ ಸ್ಕ್ರೂ ಕಾಲು ಸುತ್ತು ಸಡಿಲವಾಗಿರುತ್ತವೆ. ಆಗ ಬಿಗಿಯುವುದು ಆ ಕಾಲು ಸುತ್ತನ್ನು ಮಾತ್ರ, ಕೊಳವೆ ಅಲ್ಲೇ ಕೆಳಗಿದೆ.